ರೊಕ್ಕ ಕೊಟ್ಟು ರೊಕ್ಕ ತರುವವರು

ಕೊಳಕೂರಿನ ಗಿರಣಿಗೆ ಜೋಳ ಬೀಸಿಸಲು ಹೋದವರು ಹಿಟ್ಟಿನ ಜೊತೆಗೆ ತಮ್ಮ ಚಿಲ್ಲರೆಯ ಜಾತಕವನ್ನೂ ಕೇಳಿಕೊಂಡು ಬರಬೇಕಾಗುತ್ತದೆ. ನೀವು ಕೊಟ್ಟ ಎರಡು ರೂಪಾಯಿಯನ್ನು ಗಿರಣಿ ಕಾಕಾ ನೇರವಾಗಿ ಗಲ್ಲಾಕ್ಕೆ ಹಾಕುವುದಿಲ್ಲ. ಎರಡು ಬೆರಳಿನಲ್ಲಿ ಅಂಚು ಹಿಡಿದು, ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡು, ಇಸವಿಯ ಕೆಳಗೆ ನೋಡುತ್ತಾರೆ. ನಕ್ಷತ್ರವಿದ್ದರೆ ಹೈದರಾಬಾದ್ ಟಂಕಸಾಲೆ, ವಜ್ರದ ಗುರುತಿದ್ದರೆ ಮುಂಬೈ, ಚುಕ್ಕಿ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತ. ಬುಟ್ಟಿ ಹಿಡಿದು ಪಾಳಿಗೆ ನಿಂತ ಹೆಣ್ಣುಮಕ್ಕಳಿಗೂ ಇದು ಬಾಯಿಪಾಠವಾಗಿದೆ. "ನಕ್ಷತ್ರ ಅದ ಏನ್ರಿ ಕಾಕಾ? ಇದ್ರ ನೀವೇ ಇಟ್ಕೋರಿ, ಮೊದ್ಲು ನನ್ನ ಹಿಟ್ಟು ಕೊಡ್ರಿ."

ಇಂಥವರೊಬ್ಬರು ಯಾವ ಊರಲ್ಲಾದರೂ ಸಿಗುತ್ತಾರೆ. ನಮ್ಮ ಸೀಮೆಯಲ್ಲಿ ತುಸು ಹೆಚ್ಚು, ಅದಕ್ಕೆ ಕಾರಣವೂ ಇದೆ. 1347ರಲ್ಲಿ ಬಹಮನಿಗಳು ಕಲಬುರಗಿಯಲ್ಲಿ ಗದ್ದುಗೆ ಏರಿ ತಮ್ಮ ನಾಣ್ಯ ಹೊಡೆಸಿದರು. ಆಮೇಲೆ ನಿಜಾಮರ ಹಾಲಿ ರೂಪಾಯಿ ಬಂತು. ಏಳು ಹಾಲಿಗೆ ಹೆಚ್ಚುಕಡಿಮೆ ಆರು ಕಲ್ದಾರ್, ಅಂದರೆ ಬ್ರಿಟಿಷ್ ರೂಪಾಯಿ, ಸಿಗುತ್ತಿದ್ದ ಆ ಹಾಲಿ ಸಿಕ್ಕಾ 1950ರ ದಶಕದವರೆಗೂ ಇಲ್ಲಿ ನಡೆಯಿತು. ಹೀಗಾಗಿ ಯಾವ ಅಜ್ಜಿಯ ಪೆಟ್ಟಿಗೆ ತೆರೆದರೂ ತಳದಲ್ಲಿ ಒಂದು ಬಿಲ್ಲಿ ಸಿಕ್ಕೀತೆಂಬ ಆಸೆ.

ಕಾಕಾರ ಆಲ್ಬಮ್ಮಿನಲ್ಲಿ ನೋಡಬೇಕಾದದ್ದು ಖಾಲಿ ಕಿಸೆಗಳನ್ನು. ಮನೆಗೆ ಬಂದವರಿಗೆ ಇರುವ ನಾಣ್ಯಗಳನ್ನು ಸರಸರ ಮಗುಚಿ ತೋರಿಸುತ್ತಾರೆ, ಇಲ್ಲದವುಗಳ ಮುಂದೆ ಕೂಡಿಸಿ ಚಹಾ ಆರುವವರೆಗೆ ವರ್ಣಿಸುತ್ತಾರೆ. ಎಲ್ಲಕ್ಕಿಂತ ದೊಡ್ಡ ಖಾಲಿ ಎಂದರೆ ಚಾರ್ಮಿನಾರ್ ರೂಪಾಯಿಯದು. ಆ ಬೆಳ್ಳಿ ರೂಪಾಯಿಯ ಚಾರ್ಮಿನಾರಿನ ಬಾಗಿಲಲ್ಲಿ ಒಂದು ಸಣ್ಣ ಅಕ್ಷರವಿರುತ್ತದೆ. 'ಐನ್' ಇದ್ದರೆ ನಿಜಾಮ ಉಸ್ಮಾನ್ ಅಲಿ ಖಾನರ ಕಾಲದ್ದು, 'ಮೀಮ್' ಇದ್ದರೆ 1911ರಲ್ಲಿ ತೀರಿಕೊಂಡ ಅವರ ತಂದೆ ಮಹಬೂಬ್ ಅಲಿ ಖಾನರದ್ದು. ಐನ್ ಕಾಕಾರ ಬಳಿ ಇದೆ, ಮೀಮ್ ಇಲ್ಲ.

"ಅದೇ ಚಾರ್ಮಿನಾರ್, ಅದೇ ಬೆಳ್ಳಿ. ಒಂದು ಸಾಲಂಗಿಲ್ಲೇನು?" ಎಂಬುದು ಅವರ ಹೆಂಡತಿ ಕಾಕುವಿನ ಪ್ರಶ್ನೆ. ತೊಗರಿ ರಾಶಿಯಾಗಿ ಕೈಯಲ್ಲಿ ನಾಲ್ಕು ಕಾಸು ಆಡುವಾಗ ಓಣಿಯೆಲ್ಲ ಕೇಳುವಂತೆ ಹೇಳುತ್ತಾರೆ: "ಮಂದಿ ರೊಕ್ಕ ಕೊಟ್ಟು ಬಂಗಾರ ತರ್ತಾರ. ನಮ್ಮ ಮನ್ಯಾಗ ರೊಕ್ಕ ಕೊಟ್ಟು ರೊಕ್ಕ ತರ್ತಾರ. ಅದೂ ನಡೀಲಾರದ ರೊಕ್ಕ!"

ಆ ಐನ್ ರೂಪಾಯಿಗೂ ಒಂದು ಕಥೆಯುಂಟು. ದೀಪಾವಳಿ ಅಮಾಸಿಯ ಲಕ್ಷ್ಮೀಪೂಜೆಗೆಂದು ಸೊಸೆ ಅದನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ಥಳಥಳ ಮಾಡಿಟ್ಟಳು. ಹಳೆಯ ನಾಣ್ಯದ ಬೆಲೆ ಇರುವುದೇ ಅದರ ಮಾಸಿನಲ್ಲಿ. ತಿಕ್ಕಿದರೆ ಕೊಳ್ಳುವವ ಮುಖ ತಿರುಗಿಸುತ್ತಾನೆ. ಲಕ್ಷ್ಮಿ ಬಂದಳೋ ಇಲ್ಲವೋ, ಕಾಕಾ ಆ ರಾತ್ರಿ ಊಟ ಬಿಟ್ಟರು.

ಬಸ್ಸಿನಲ್ಲಿಯೂ ಅವರಿಗೆ ನೆಮ್ಮದಿಯಿಲ್ಲ. ಕಲಬುರಗಿಗೆ ಹೋಗುವಾಗ ಕಟ್ಟಿ ಸಂಗಾವಿ ಸೇತುವೆಯ ಮೇಲೆ ಯಾರಾದರೂ ಭೀಮೆಗೆ ಕೈಮುಗಿದು ಕಿಟಕಿಯಿಂದ ನಾಣ್ಯ ಒಗೆದರೆ ಇವರ ಎದೆ ಧಸಕ್ಕೆನ್ನುತ್ತದೆ. "ಯಾವ ಇಸ್ವಿದು ನೋಡಿ ಒಗೀರಿ ಯಪ್ಪಾ!" ವೈಷ್ಣೋದೇವಿ ಬಿಲ್ಲಿಗೆ ಲಕ್ಷ ಸಿಗುತ್ತದೆ ಎಂದು ಫೋನಿನಲ್ಲಿ ನೋಡಿ ಓಡಿಬರುವ ಹುಡುಗರಿಗೆ ಮಾತ್ರ ಅವರಲ್ಲಿ ಔಷಧವಿದೆ: ಇಂಥ ಖರೀದಿಯ ಮೋಸಕ್ಕೆ ಬೀಳಬೇಡಿರೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಕೊಟ್ಟ ಎಚ್ಚರಿಕೆಯ ಪೇಪರ್ ತುಂಡು, ಗಿರಣಿಯ ಗೋಡೆಗೆ ಅಂಟಿಸಿದ್ದಾರೆ.

ಇನ್ನು ಆ ಮೀಮ್ ರೂಪಾಯಿ ಕೊಳ್ಳಲು ಅವರು ಹೂಡಿದ ಉಳಿತಾಯದ ಉಪಾಯ. ನಮ್ಮ ಕಡೆ ಸಂತೆಯಲ್ಲಿ ಹತ್ತು ರೂಪಾಯಿ ಬಿಲ್ಲಿ ಕೊಟ್ಟರೆ "ನಡ್ಯಂಗಿಲ್ರಿ" ಅನ್ನುವವರೇ ಬಹಳ. ಹದಿನಾಲ್ಕು ನಮೂನೆಯೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಿದ್ದು ಬದನೆಕಾಯಿ ಮಾರುವ ಮುದುಕಿಯ ಕಿವಿಗೆ ಇನ್ನೂ ಬಿದ್ದಿಲ್ಲ. ಕಾಕಾ ಆ ಬಿಲ್ಲಿಗಳನ್ನೇ ಕೂಡಿಸಿದರು. ನೋಟಾದರೆ ಖರ್ಚಾಗಿ ಹೋಗುತ್ತದೆ. ಯಾರೂ ಮುಟ್ಟದ ರೊಕ್ಕ ಡಬ್ಬಿಯಲ್ಲಿ ಕೂಡುತ್ತಲೇ ಇರುತ್ತದೆ. ಜಿಪುಣರು ಕೂಡ ಇಷ್ಟು ದೂರ ಯೋಚಿಸಿದ್ದನ್ನು ನಾನು ಕಂಡಿಲ್ಲ. ತೊಂದರೆಯೆಂದರೆ ಡಬ್ಬಿ ತುಂಬುವುದಕ್ಕಿಂತ ಜೋರಾಗಿ ಬೆಳ್ಳಿ ಏರಿತು. ಅದು ಕಿಲೋಕ್ಕೆ ಲಕ್ಷ ದಾಟಿದಾಗ ಕಾಕಾ ಡಬ್ಬಿಯ ಪಕ್ಕ ಇನ್ನೊಂದು ಡಬ್ಬಿ ಇಟ್ಟರು.

ಅಂತೂ ಒಂದು ದಿನ ಎರಡನ್ನೂ ಚೀಲಕ್ಕೆ ಸುರಿದು ಕಲಬುರಗಿಯ ಸರಾಫ್ ಬಜಾರಿಗೆ ಹೊರಟರು. ಹನ್ನೊಂದು ಗ್ರಾಮಿನ ಒಂದು ರೂಪಾಯಿ ತರಲು ಎರಡು ಕಿಲೋಕ್ಕೂ ಮಿಕ್ಕಿದ ರೊಕ್ಕ. ಅಂಗಡಿಯ ಶೇಠ್‌ಜಿ ಚೀಲ ನೋಡಿ ಹೌಹಾರಿದರೂ, ಹಳೇ ಗಿರಾಕಿಯೆಂದು ಗಾದಿಯ ಮೇಲೆ ಸುರಿದು ಎಣಿಸಲು ಕೂತರು. ಆಗಲೇ ಎಡವಟ್ಟಾಯಿತು. ಎಣಿಸಿದ ಪ್ರತಿ ಬಿಲ್ಲಿಯನ್ನು ಕಾಕಾ ತಿರುಗಿಸಿ ನೋಡತೊಡಗಿದರು. "ಒಂದ್ ನಿಮಿಷ್ರೀ, ಈ ನಮೂನಿ ನೋಯ್ಡಾದ್ದು ನನ್ನ ಹತ್ರ ಇಲ್ಲ." ಅದು ಕಿಸೆಗೆ ಹೋಯಿತು. "ಇದು ಹೈದರಾಬಾದಿಂದು, ಅಂಚು ಎಷ್ಟು ಚೊಕ್ಕ ಅದ ನೋಡ್ರಿ." ಅದೂ ಹೋಯಿತು. ಸಾಯಂಕಾಲ ಲೆಕ್ಕ ಮುಗಿದಾಗ ಮೀಮ್ ರೂಪಾಯಿಗೆ ಮುನ್ನೂರು ಕಡಿಮೆ ಬಿತ್ತು, ಕಾಕಾರ ಅಂಗಿ ಒಂದು ಕಡೆ ಜೋತುಬಿದ್ದಿತ್ತು.

"ಕಿಸೆದಾಗಿಂದು ತೆಗೀರಲ್ಲ," ಎಂದರು ಶೇಠ್‌ಜಿ.

"ಏ, ಅವು ಖರ್ಚು ಮಾಡೋವಲ್ಲ ಬಿಡ್ರಿ," ಎಂದು ಕಾಕಾ ಉಳಿದದ್ದನ್ನು ಚೀಲಕ್ಕೆ ತುಂಬಿಕೊಂಡರು. "ಮುಂದಿನ ತೊಗರಿ ರಾಶಿಗೆ ಬರ್ತೀನಿ. ಅಲ್ಲಿತನಕ ಇದನ್ನ ಯಾರಿಗೂ ಕೊಡಬ್ಯಾಡ್ರಿ ಮತ್ತ."

"ಯಾರಿಗಿ ಕೊಡ್ಲಿ ಕಾಕಾ? ನಿಮ್ಮನ್ನ ಬಿಟ್ರ ಇದ್ರ ರೇಟು ಕೇಳ್ದಾಂವ ಇನ್ನೂ ಒಬ್ಬನೂ ಬಂದಿಲ್ಲ."