ಫೋರ್ಟ್ರಾನ್ ರಾಯರು

ವಿಮಾನದ ರೆಕ್ಕೆಯ ಮೇಲಿನ ಒತ್ತಡವನ್ನೋ ನಾಳೆಯ ಮಳೆಯನ್ನೋ ಲೆಕ್ಕ ಹಾಕುವ ಬೆಂಗಳೂರಿನ ಲ್ಯಾಬುಗಳಲ್ಲಿ ಒಬ್ಬರಾದರೂ ಫೋರ್ಟ್ರಾನ್ ರಾಯರು ಇದ್ದೇ ಇರುತ್ತಾರೆ. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ‘ಸಲಹೆಗಾರರು’ ಎಂಬ ಹೆಸರಿನಲ್ಲಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಾರೆ. ಅವರನ್ನು ಮನೆಗೆ ಕಳಿಸುವ ಧೈರ್ಯ ಯಾವ ನಿರ್ದೇಶಕರಿಗೂ ಇಲ್ಲ. ಮುಖ್ಯ ಪ್ರೋಗ್ರಾಂ ಬರೆದವರು ಅವರು. ಅದು ಹೇಗೆ ಓಡುತ್ತಿದೆ ಎಂಬುದು ಗೊತ್ತಿರುವುದೂ ಅವರೊಬ್ಬರಿಗೇ. ಮೇಜಿನ ಮೇಲೆ ರಟ್ಟು ಕಿತ್ತುಹೋದ ವಿ. ರಾಜಾರಾಮನ್ ಅವರ ಫೋರ್ಟ್ರಾನ್ ಪುಸ್ತಕ, ಬಿ.ಪಿ. ಮಾತ್ರೆಯ ಡಬ್ಬಿ, ಪುಸ್ತಕಕ್ಕೊಂದು ಸ್ಕ್ರೀನಿಗೊಂದು ಕನ್ನಡಕ. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಈ ಭಾಷೆಯನ್ನು ಹೊರತಂದಾಗ ರಾಯರಿನ್ನೂ ಅ ಆ ಇ ಈ ತಿದ್ದುತ್ತಿದ್ದರು. ಆದರೂ ಬ್ಯಾಕಸ್ ಬಗ್ಗೆ ಏಕವಚನದಲ್ಲೇ ಮಾತಾಡುತ್ತಾರೆ.

ತಪ್ಪು ಹುಡುಕಿಕೊಡುವ ಡಿಬಗರಿಗೂ ರಾಯರಿಗೂ ಎಣ್ಣೆ ಸೀಗೇಕಾಯಿ. ಪ್ರೋಗ್ರಾಂ ಎಲ್ಲಿ ಮುಗ್ಗರಿಸಿತು ಎಂದು ತಿಳಿಯಲು ಅವರದು ಒಂದೇ ಮದ್ದು, ರೈಟ್ ಸ್ಟೇಟ್‌ಮೆಂಟ್. ನಡುನಡುವೆ ‘ಬಂದೆ 1’, ‘ಬಂದೆ 2’, ‘ಇಲ್ಲೂ ಬಂದೆ’ ಎಂದು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಪ್ರಿಂಟ್ ಆಗುತ್ತಿರುತ್ತದೆ. ಇವುಗಳಲ್ಲಿ ‘ಬಂದೆ 3’ ಎಂಬ ಸಾಲನ್ನು ಯಾರೂ ಮುಟ್ಟುವ ಹಾಗಿಲ್ಲ, ತೆಗೆದರೆ ಉತ್ತರವೇ ಬದಲಾಗುತ್ತದೆ. ಎಲ್ಲೋ ಒಂದು ಅರೇ ತನ್ನ ಗಡಿ ದಾಟಿ ಪಕ್ಕದ ಮೆಮೊರಿಯಲ್ಲಿ ಬರೆಯುತ್ತಿದೆ. ಈ ಸಾಲಿದ್ದರೆ ಕಂಪೈಲರ್ ಜಾಗ ಹಂಚುವ ರೀತಿ ಬದಲಾಗಿ, ಯಾರಿಗೂ ನೋಯದ ಕಡೆ ಪೆಟ್ಟು ಬೀಳುತ್ತದೆ. ಬೌಂಡ್ಸ್ ಚೆಕ್ ಹಾಕಿ ಕಂಪೈಲ್ ಮಾಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ರಾಯರು ಹಾಕಗೊಡುವುದಿಲ್ಲ. “ಸುಮ್ನೆ ಮಲಗಿರೋ ದೆವ್ವಾನ ಯಾಕಮ್ಮಾ ಎಬ್ಬಿಸ್ತೀಯ?”

ಹಾಗೆ ಕೇಳಿದ್ದು ದಾವಣಗೆರೆಯಿಂದ ಬಂದು ಪ್ರಾಜೆಕ್ಟ್ ಸೇರಿದ ಹುಡುಗಿಯನ್ನು. ಅವಳು ಬಂದವಳೇ ಈ ಪ್ರೋಗ್ರಾಮನ್ನು ಜಿಡಿಬಿ ಎಂಬ ಡಿಬಗರಿನಲ್ಲಿ ತೆರೆದು ಒಂದು ವೇರಿಯಬಲ್ಲಿನ ಬೆಲೆ ಕೇಳಿದಳು. ‘ಆಪ್ಟಿಮೈಸ್ಡ್ ಔಟ್’ ಎಂದಿತು.

“ನನ್ನ ವೇರಿಯಬಲ್ಲನ್ನ ಔಟ್ ಮಾಡೋಕೆ ಇದ್ಯಾರು?”

ತಪ್ಪು ಡಿಬಗರಿನದಲ್ಲ. ವೇಗ ಬೇಕೆಂದು ಓ-2 ಆಯ್ಕೆ ಕೊಟ್ಟಿದ್ದರು. ಆಗ ಕಂಪೈಲರ್, ಬಾಯಲ್ಲೇ ಲೆಕ್ಕ ಮುಗಿಸಿ ಮೊತ್ತ ಮಾತ್ರ ಹೇಳುವ ಕಿರಾಣಿ ಶೆಟ್ಟರ ಹಾಗೆ, ನಡುವಿನ ಬೆಲೆಗಳನ್ನು ಎಲ್ಲೂ ಬರೆದಿಡದೆ ಇರಬಹುದು. ಇಲ್ಲದ ಚೀಟಿಯನ್ನು ಡಿಬಗರ್ ಎಲ್ಲಿಂದ ತೋರಿಸೀತು? ಹುಡುಗಿ ಓ-ಸೊನ್ನೆ ಹಾಕಿ ಮತ್ತೆ ಕಂಪೈಲ್ ಮಾಡಿದಳು. ವೇರಿಯಬಲ್ ಕಾಣಿಸಿತು. ರಾಯರು, ತಾವು ಗದರಿಸಿದ್ದಕ್ಕೇ ಬಂತೆಂದು ನಂಬಿದ್ದಾರೆ.

ಮುಂದಿನ ತಕರಾರು ಮಾಡ್ಯೂಲಿನದು. ಮೂಲ ಪ್ರೋಗ್ರಾಂ ಫೋರ್ಟ್ರಾನ್ 77. ಆಮೇಲೆ ಬಂದವರು ಅದಕ್ಕೆ 90ರ ಮಾಡ್ಯೂಲುಗಳನ್ನು ಕಟ್ಟಿದ್ದಾರೆ. ರಾಯರು ಅವನ್ನು ‘ಔಟ್‌ಹೌಸ್’ ಎನ್ನುತ್ತಾರೆ. ಅಲ್ಲಿ ಬಾಡಿಗೆಗಿರುವ ವೇರಿಯಬಲ್ಲನ್ನು ಬರೀ ಹೆಸರು ಹಿಡಿದು ಕೂಗಿದರೆ ‘ಅಂಥವರು ಇಲ್ಲಿಲ್ಲ’ ಎಂಬ ಉತ್ತರ ಬರುವುದುಂಟು. ಮಾಡ್ಯೂಲಿನ ಹೆಸರು, ಎರಡು ಕೋಲನ್, ಆಮೇಲೆ ವೇರಿಯಬಲ್ ಎಂದು ಪೂರ್ತಿ ವಿಳಾಸ ಕೊಟ್ಟರೆ ಬಾಗಿಲು ತೆಗೆಯುತ್ತದೆ. ಅಲೊಕೇಟಬಲ್ ಅರೇಯ ಕಥೆ ಬೇರೆ. ಸರ್ವರಿನಲ್ಲಿದ್ದ ಹಳೇ ಜಿಡಿಬಿ ಅರೇಯ ಒಳಗನ್ನು ಬಿಟ್ಟು ಅದರ ಮೆಮೊರಿ ವಿಳಾಸ ತೋರಿಸಿ ಸುಮ್ಮನಾಯಿತು. ಹೊಸ ಆವೃತ್ತಿ ಹಾಕಿಸಬೇಕಾಯಿತು, ಅದಕ್ಕೆ ಕಡತ ಓಡಾಡಿತು.

ಇಷ್ಟೆಲ್ಲ ಆದಮೇಲೆ ನಿಜವಾದ ಪ್ರಹಸನ. ಒತ್ತಡದ ಲೆಕ್ಕದಲ್ಲಿ ‘ಡಿಪ್ರೆಸ್’ ಎಂಬ ವೇರಿಯಬಲ್, ಕೊನೆಗೆ ಎರಡು ಎಸ್. ಡಿಬಗರ್ ಅದರ ಬೆಲೆ 12.5 ಎನ್ನುತ್ತದೆ. ಆದರೆ ಕೂಡುವ ಸಾಲು ದಾಟಿದರೂ ಒತ್ತಡ ಜಪ್ಪಯ್ಯ ಅಂದರೂ ಏರುವುದಿಲ್ಲ. ಸ್ಥಳೀಯ ವೇರಿಯಬಲ್ಲುಗಳ ಪಟ್ಟಿ ತೆಗೆಸಿದರೆ ಅಲ್ಲಿ ಇನ್ನೊಂದು ಡಿಪ್ರೆಸ್ ಕೂತಿದೆ, ಒಂದೇ ಎಸ್ಸಿನದು, ಯಾರೂ ಬರೆಯದ್ದು. ಅದರ ಬೆಲೆ, ದಶಮಾಂಶ ಬಿಂದುವಿನ ಮುಂದೆ ನಲವತ್ತು ಸೊನ್ನೆ ಕಳೆದಮೇಲೆ ಶುರು.

“ಸರ್, ಡಿಬಗರಿಗೆ ಹುಚ್ಚು ಹಿಡದೈತ್ರಿ.”

ರಾಯರು ಕನ್ನಡಕ ಬದಲಿಸಿ, ಪೆನ್ನಿನ ಕ್ಯಾಪನ್ನು ಸ್ಕ್ರೀನಿಗೆ ತಾಗಿಸಿ ಅಕ್ಷರ ಎಣಿಸತೊಡಗಿದರು. ಹತ್ತು, ಇಪ್ಪತ್ತು... ಎಪ್ಪತ್ತೆರಡಕ್ಕೆ ಕ್ಯಾಪು ನಿಂತಿತು.

“ಮುಗೀತು. ಇಲ್ಲಿಂದಾಚೆ ಏನಿದ್ರೂ ಕಂಪೈಲರ್ ಓದೋದೇ ಇಲ್ಲಮ್ಮ.”

ಹಿಂದೆ ಪ್ರೋಗ್ರಾಂ ಬರೆಯುತ್ತಿದ್ದ ಪಂಚ್ ಕಾರ್ಡಿಗೆ ಎಂಬತ್ತು ಕಾಲಂ. ಕೊನೆಯ ಎಂಟು, ಕಾರ್ಡಿನ ಕ್ರಮಸಂಖ್ಯೆಗೆ. ಕಟ್ಟು ಕೈತಪ್ಪಿ ಬಿದ್ದರೆ ಜೋಡಿಸಿಕೊಳ್ಳಲು. ಕಾರ್ಡು ಹೋದರೂ ಹಳೇ ಶೈಲಿಯ ಕಡತಗಳಲ್ಲಿ ಆ ಗೆರೆ ಉಳಿದಿದೆ. ಹುಡುಗಿಯ ಎಡಿಟರ್ ಅಂದಕ್ಕೆಂದು ಸಾಲನ್ನು ಒಂದು ಜಾಗ ಒಳಕ್ಕೆ ಸರಿಸಿತ್ತು. ಕೊನೆಯ ಎಸ್ 73ಕ್ಕೆ ಬಿದ್ದು ಹೋಯಿತು. ಉಳಿದದ್ದನ್ನು ಫೋರ್ಟ್ರಾನ್ ಹೊಸ ಹೆಸರೆಂದು ತಿಳಿದು ಸದ್ದಿಲ್ಲದೆ ನಾಮಕರಣ ಮಾಡಿತು: ಐನಿಂದ ಎನ್‌ವರೆಗಿನ ಅಕ್ಷರದಲ್ಲಿ ಶುರುವಾದರೆ ಪೂರ್ಣಾಂಕ, ಮಿಕ್ಕದ್ದೆಲ್ಲ ರಿಯಲ್. ಎಚ್ಚರಿಸಲು ಕಂಪೈಲರಿಗೆ ಬರುತ್ತದೆ. ವಾರ್ನಿಂಗುಗಳಿಂದ ತಲೆನೋವೆಂದು ಅದರ ಬಾಯಿ ಮುಚ್ಚಿಸಿದವರು ಯಾರು ಎಂದು ಆ ಹೊತ್ತಿನಲ್ಲಿ ಯಾರೂ ಕೇಳಲಿಲ್ಲ.

ಡಿಬಗರ್ ನಿಜ ಹೇಳಿತ್ತು. ಅದರ ಮಾತು ಅರ್ಥವಾದದ್ದು ಅದನ್ನು ನಂಬದ ಮನುಷ್ಯನಿಗೆ. ನನಗೆ ರಾಯರ ಮೇಲೆ ಗೌರವವೂ ಸಿಟ್ಟೂ ಒಟ್ಟಿಗೇ ಬರುವುದು ಇಂಥ ಹೊತ್ತಲ್ಲಿ.

ಹುಡುಗಿ, ಇಂಥ ಬೇವಾರಸಿ ಹೆಸರುಗಳು ಇನ್ನು ಹುಟ್ಟದಿರಲಿ ಎಂದು ಪ್ರೋಗ್ರಾಮಿನ ನೆತ್ತಿಗೆ ‘ಇಂಪ್ಲಿಸಿಟ್ ನನ್’ ಎಂದು ಬರೆದು ಕಂಪೈಲ್ ಒತ್ತಿದಳು. ಸ್ಕ್ರೀನು ಓಡಿತು, ಓಡುತ್ತಲೇ ಇತ್ತು. ಘೋಷಿಸದ ಕೆಕೆ, ಕೆಕೆಕೆ, ಎಕ್ಸ್‌ಎಕ್ಸ್1, ಅವರ ಸಂಸಾರವೆಲ್ಲ ಸಾಲಾಗಿ ತಪ್ಪು, ತಪ್ಪು ಎಂದು ಮೇಲೆ ಹೋಗುತ್ತಿದ್ದವು.

“ನೋಡಿದ್ಯೇನಮ್ಮಾ?” ರಾಯರು ಮಾತ್ರೆ ಡಬ್ಬಿಗೆ ಕೈಹಾಕಿದರು. “ಕಳೆದಿದ್ದು ಒಂದು ಎಸ್ಸು. ಅದಕ್ಕೆ ಇಡೀ ಪ್ರೋಗ್ರಾಂ ಕೆಡಿಸಿಟ್ಟೆ. ತೆಗಿ ಅದನ್ನ ಮೊದಲು!”