ಮೈನಸ್ ಮೇಷ್ಟ್ರು

ಪಿಯುಸಿ ಸೈನ್ಸ್ ಇರುವ ಯಾವ ಊರಿಗೆ ಹೋಗಿ, ಅಲ್ಲೊಬ್ಬರು ಮೈನಸ್ ಮೇಷ್ಟ್ರು ಇದ್ದೇ ಇರುತ್ತಾರೆ. ಗೇಟಿಗೆ ‘ಕೆಮಿಸ್ಟ್ರಿ ಟ್ಯೂಷನ್’ ಎಂಬ ತಗಡಿನ ಬೋರ್ಡು. ಕಾರ್ ಶೆಡ್ಡಿನಲ್ಲಿ ಕಾರಿನ ಬದಲು ಬೆಂಚುಗಳು. ಕೋಳಿ ಕೂಗುವ ಮೊದಲೇ ಶುರುವಾಗುವ ಬ್ಯಾಚು. ಆರ್ಗ್ಯಾನಿಕ್ ಪಾಠವನ್ನು ಕುರ್ಚಿಯಲ್ಲಿ ಕೂತೇ ಮುಗಿಸುವ ಮೇಷ್ಟ್ರು, ಥರ್ಮೋಡೈನಮಿಕ್ಸ್ ಶುರುವಾಗುವ ದಿನ ಮಾತ್ರ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ನಿಂತೇ ಮಾತಾಡುತ್ತಾರೆ.

ಅವರ ಲೋಕದಲ್ಲಿ ಎರಡೇ ಪಾಪ: ಮೈನಸ್ ಹಾಕಬೇಕಾದ ಕಡೆ ಹಾಕದಿರುವುದು, ಬೇಡದ ಕಡೆ ಹಾಕುವುದು. ಮಿಕ್ಕಿದ್ದನ್ನೆಲ್ಲ, ಫೀಸು ತಡಮಾಡುವುದನ್ನೂ ಸೇರಿಸಿ, ಕ್ಷಮಿಸುತ್ತಾರೆ.

ವರ್ಷವರ್ಷವೂ ಮೊದಲ ಲೆಕ್ಕ ಮೀಥೇನ್ ಉರಿಯುವುದೇ. ಬೋರ್ಡಿನ ಮೂಲೆಯಲ್ಲಿ ಫಾರ್ಮೇಷನ್ ಎಂಥಾಲ್ಪಿಗಳು: ಕಾರ್ಬನ್ ಡೈಆಕ್ಸೈಡಿಗೆ ಮೈನಸ್ 393.5, ನೀರಿಗೆ ಮೈನಸ್ 285.8, ಮೀಥೇನಿಗೆ ಮೈನಸ್ 74.8, ಎಲ್ಲವೂ ಮೋಲಿಗೆ ಕಿಲೋಜೂಲ್ ಲೆಕ್ಕದಲ್ಲಿ. ಆಕ್ಸಿಜನ್ನಿಗೆ ಸೊನ್ನೆ. “ಅದು ಧಾತು ಕಣ್ರೋ, ಇದ್ದ ಹಾಗೇ ಇದೆ. ಮಾಡೋಕೆ ಖರ್ಚೇ ಇಲ್ಲ.” ಆಮೇಲೆ ಪ್ರಾಡಕ್ಟ್ಸ್ ಮೈನಸ್ ರಿಯಾಕ್ಟೆಂಟ್ಸ್ ಎಂಬ ಮಂತ್ರ, ಮೂರು ಸಲ.

ಹುಡುಗರು ಲೆಕ್ಕ ಮಾಡುವಾಗ ಮೇಷ್ಟ್ರು ಯಾರ ನೋಟ್‌ಬುಕ್ಕನ್ನೂ ಇಣುಕುವುದಿಲ್ಲ. ಉತ್ತರ ಕೂಗಿದರೆ ಸಾಕು. ನಾಡಿ ಹಿಡಿದ ಪಂಡಿತರ ಹಾಗೆ ಕಣ್ಣು ಮುಚ್ಚಿಕೊಂಡೇ ರೋಗ ಹೇಳಿಬಿಡುತ್ತಾರೆ.

“ಮೈನಸ್ 604.5 ಸಾರ್.”

“ನೀರು ಎರಡು ಮೋಲ್ ಕಣಯ್ಯಾ, ಒಂದೇ ಹಾಕಿದೀಯ. ಮೊದಲು ಬ್ಯಾಲೆನ್ಸ್ ಮಾಡು.”

“ಮೈನಸ್ 1039.9 ಸಾರ್.”

ಮೇಷ್ಟ್ರು ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. “ಮೈನಸ್ಸಿಗೆ ಮೈನಸ್ ಏನಮ್ಮಾ? ಪ್ಲಸ್ಸು! 74.8 ಕೂಡಬೇಕು, ನೀನು ಇನ್ನೊಂದು ಸಲ ಕಳೆದಿದೀಯ.”

ಹಿಂದಿನ ಬೆಂಚಿನಿಂದ ಮೆಲ್ಲಗೆ, “ಮೈನಸ್ 802.3.” ಈಗ ಕಣ್ಣು ತೆರೆಯುತ್ತಾರೆ. ಇದು ದಡ್ಡನ ತಪ್ಪಲ್ಲ. ಹುಡುಗ ಎಲ್ಲ ಸರಿ ಮಾಡಿ, ಟೇಬಲ್ಲಿನಲ್ಲಿ ನೀರಿನ ಬದಲು ನೀರಾವಿಯ 241.8 ಎತ್ತಿಕೊಂಡಿದ್ದಾನೆ. “ನೀನು ಪಾಸಯ್ಯಾ, ಕನ್ನಡಕ ಹಾಕಿಸ್ಕೊ ಅಷ್ಟೆ.”

ಕೊನೆಗೆ ಯಾರೋ ಒಬ್ಬಳು ಸಂಭ್ರಮದಿಂದ “890.3!” ಅನ್ನುವಷ್ಟರಲ್ಲಿ ಹೊರಗೆ ಬೆಳಕು ಹರಿದಿರುತ್ತದೆ.

“ಮುಂದೆ ಮೈನಸ್ ಎಲ್ಲಮ್ಮಾ? ಒಲೆ ಹಚ್ಚಿದ್ರೆ ಪಾತ್ರೆ ತಣ್ಣಗಾಗುತ್ತಾ ನಿಮ್ಮನೇಲಿ?”

ಇಷ್ಟು ಗಟ್ಟಿ ಮಾಡಿದ ಮಂತ್ರವನ್ನು ಬಾಂಡ್ ಎಂಥಾಲ್ಪಿ ಬಂದ ದಿನ ಅವರೇ ತಲೆಕೆಳಗು ಮಾಡುತ್ತಾರೆ: ಮುರಿದ ಬಂಧಗಳಿಂದ ಕಟ್ಟಿದ ಬಂಧಗಳನ್ನು ಕಳೆಯಿರಿ. ಎಂದರೆ ರಿಯಾಕ್ಟೆಂಟು ಮೊದಲು. ಮುರಿಯಲು ಶಾಖ ಕೊಡಬೇಕು, ಕಟ್ಟಿಕೊಂಡಾಗ ಶಾಖ ಹೊರಗೆ ಬರುತ್ತದೆ, ಅದಕ್ಕೇ ಹೀಗೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಓಡುತ್ತಾರೆ. ಡಾಕ್ಟರಾಗಬೇಕೆಂದಿದ್ದ ಎಷ್ಟೋ ಮಕ್ಕಳು ಕಾಮರ್ಸ್ ಕಡೆ ನೋಡತೊಡಗುವುದು ಆ ದಿನವೇ ಎಂದು ನನ್ನ ಅನುಮಾನ.

ಮೇಷ್ಟ್ರ ಮನೆದೇವರು ಯಾರೇ ಇರಲಿ, ಶೆಡ್ಡಿನ ದೇವರು ಹೆಸ್. ಜಿನೀವಾದಲ್ಲಿ 1802ರಲ್ಲಿ ಹುಟ್ಟಿ, ಸೈಬೀರಿಯಾದ ಇರ್ಕುಟ್ಸ್ಕ್‌ನಲ್ಲಿ ವೈದ್ಯನಾಗಿದ್ದು, ಸೇಂಟ್ ಪೀಟರ್ಸ್‌ಬರ್ಗಿಗೆ ಬಂದು ರಸಾಯನಶಾಸ್ತ್ರದಲ್ಲಿ ನೆಲೆ ನಿಂತ ಪುಣ್ಯಾತ್ಮ. ಕ್ರಿಯೆ ಒಂದೇ ಹೆಜ್ಜೆಯಲ್ಲಿ ಆಗಲಿ, ಹತ್ತು ಹೆಜ್ಜೆಯಲ್ಲಿ ಆಗಲಿ, ಒಟ್ಟು ಶಾಖ ಒಂದೇ ಎಂದು 1840ರಲ್ಲಿ ಹೇಳಿದ. “ಅಷ್ಟು ಚಳಿಯಲ್ಲಿ ಕೂತವನಿಗೆ ಶಾಖದ ಲೆಕ್ಕ ಬಿಟ್ಟು ಇನ್ನೇನ್ರೋ ಹೊಳೀಬೇಕು?”

ಹೆಸ್ ನಿಯಮದಲ್ಲಿ ಅವರಿಗೆ ಬಲು ಪ್ರಿಯವಾದದ್ದು ಕಾರ್ಬನ್ ಮಾನಾಕ್ಸೈಡಿನ ಪ್ರಸಂಗ. ಇದ್ದಿಲನ್ನು ಮಾನಾಕ್ಸೈಡಿಗಷ್ಟೇ ನಿಲ್ಲಿಸಿ ಉರಿಸಲು ಆಗುವುದಿಲ್ಲ, ಸ್ವಲ್ಪ ಡೈಆಕ್ಸೈಡೂ ಆಗಿಬಿಡುತ್ತದೆ. ನೇರವಾಗಿ ಅಳೆಯುವುದು ಹೇಗೆ? ಪೂರ್ತಿ ಉರಿದರೆ 393.5, ಮಾನಾಕ್ಸೈಡ್ ಉರಿದರೆ 283. ಕಳೆಯಿರಿ: 110.5. ಅದಕ್ಕೂ ಮೈನಸ್ ಹಾಕಿ. ಹಾಸ್ಟೆಲಿನಲ್ಲಿರುವ ಮಗನ ಮೇಲೂ ಇದೇ ವಿದ್ಯೆ. ಸಿನಿಮಾಕ್ಕೆ ಎಷ್ಟಾಯಿತು ಎಂದರೆ ಯಾವ ಮಗ ಬಾಯಿ ಬಿಡುತ್ತಾನೆ? ಕಳಿಸಿದ ದುಡ್ಡಿನಲ್ಲಿ ಮೆಸ್ಸು, ಜೆರಾಕ್ಸು, ಬಸ್ಸು ಕಳೆದು ಉಳಿದದ್ದನ್ನು ಫೋನಿನಲ್ಲಿ ಓದಿ ಹೇಳುತ್ತಾರೆ. ಆ ಕಡೆ ಮೌನ.

ಈ ವಿದ್ಯೆ ನಡೆಯದ ಜಾಗ ಅಡುಗೆಮನೆ ಒಂದೇ. ಗ್ಯಾಸ್ ಮುಗಿಯಿತು ಎಂದು ಹೆಂಡತಿ ಹೇಳಿದ್ದೇ ತಡ, ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಶುರು. ಸಿಲಿಂಡರಿನಲ್ಲಿ 14.2 ಕೆಜಿ. ಪೂರ್ತಿ ಬ್ಯೂಟೇನ್ ಎಂದೇ ಇಟ್ಟುಕೊಂಡರೆ ಸುಮಾರು 245 ಮೋಲ್; ಒಂದೊಂದು ಮೋಲಿಗೂ 2878 ಕಿಲೋಜೂಲ್; ಅಲ್ಲಿಗೆ ಏಳು ಲಕ್ಷ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ನೂರಕ್ಕೆ ಏರಿಸಲು 314 ಸಾಕು. ಒಲೆಯ ಶಾಖದಲ್ಲಿ ದೊಡ್ಡ ಪಾಲು ಪಾತ್ರೆಯ ಪಕ್ಕದಿಂದ ಗಾಳಿಗೆ ಹೋಗುತ್ತದೆ ಎಂಬುದು ಮೇಷ್ಟ್ರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದಕ್ಕೆ ಪರೀಕ್ಷೆಯಲ್ಲಿ ಮಾರ್ಕ್ಸಿಲ್ಲ.

“ಅಲ್ವೇ, 2200 ಲೀಟರ್ ನೀರು ಕುದೀಬೇಕು ಇದರಲ್ಲಿ! ದಿನಕ್ಕೆ 20 ಲೀಟರ್ ಅಂದ್ರೂ 110 ದಿನ ಬರ್ಬೇಕು. ಮಿಕ್ಕಿದ್ದು ಎಲ್ಲಿ ಹೋಯ್ತು?”

“ಬೆಳಿಗ್ಗೆ ಒಲೆ ಮೇಲೆ ಹಾಲಿಟ್ಟು, ಒಂದ್ನಿಮಿಷ ಅಂತ ಶೆಡ್ಡಿಗೆ ಹೋಗಿ ಮೀಥೇನ್ ಉರಿಸ್ತೀರಲ್ರೀ, ಅಲ್ಲಿಗೆ ಹೋಯ್ತು. ಮೊದಲು ಬುಕ್ ಮಾಡಿ.”