ಅಮ್ಮನ ಉಗುರು

ಕುಟುಂಬ ಕುಸಿಯುತ್ತಿದೆ, ರಕ್ತಸಂಬಂಧಕ್ಕೆ ಬೆಲೆಯೇ ಇಲ್ಲ ಎಂದು ಕೊರಗುವವರನ್ನು ಒಮ್ಮೆ ರಷ್ಯಾದ ಚೆಚೆನ್ಯಾಗೆ ಕಳಿಸಬೇಕು. ನಮ್ಮಲ್ಲಿ ದೊಡ್ಡಪ್ಪನ ಮಗಳ ಮೈದುನ ಯಾರು ಎಂದು ನೆನಪಿಸಿಕೊಳ್ಳಲು ಮದುವೆಮನೆಯಲ್ಲಿ ಒಬ್ಬ ಹಿರಿಯಜ್ಜಿ ಬೇಕು. ಅಲ್ಲಿ ಆ ಕೆಲಸವನ್ನು ಪೊಲೀಸ್ ಇಲಾಖೆಯೇ ವಹಿಸಿಕೊಂಡಿದೆ. ಸರ್ಕಾರದ ವಿರುದ್ಧ ನೀವೊಂದು ಮಾತಾಡಿದರೆ ಸಾಕು, ನಿಮಗೇ ಮರೆತುಹೋದ ಸೋದರಮಾವನ ಮೊಮ್ಮಗನನ್ನೂ ಹುಡುಕಿ, ಗಾಡಿ ಕಳಿಸಿ ಕರೆಸಿಕೊಳ್ಳುತ್ತಾರೆ. 2021ರ ಡಿಸೆಂಬರ್ ಕೊನೆಯಲ್ಲಿ ಹಾಗೇ ಆಯಿತು. ಹೊರದೇಶಗಳಲ್ಲಿ ಕೂತು ಚೆಚೆನ್ಯಾದ ಮುಖ್ಯಸ್ಥ ರಮ್ಜಾನ್ ಕದಿರೋವ್ ಸಾಹೇಬರ ಆಡಳಿತವನ್ನು ಟೀಕಿಸುತ್ತಿದ್ದವರ ನೆಂಟರಿಷ್ಟರನ್ನು ಹತ್ತಾರು ಸಂಖ್ಯೆಯಲ್ಲಿ ಮನೆಗಳಿಂದ ಎತ್ತಿಕೊಂಡು ಹೋದರು. ತಮಗೆ ಇಷ್ಟೊಂದು ಬಂಧುಬಳಗ ಇದೆಯೆಂದು ಟೀಕಾಕಾರರಿಗೆ ಗೊತ್ತಾದದ್ದೇ ಆವತ್ತಿರಬೇಕು.

ಈ ಪಟ್ಟಿಯಲ್ಲಿ ಅಬೂಬಕರ್ ಯಂಗುಲ್ಬಾಯೆವ್ ಎಂಬ ವಕೀಲನ ಮನೆತನ ಮೊದಲ ಸಾಲಿನಲ್ಲಿತ್ತು. ಇವನ ತಪ್ಪೇನೂ ಸಣ್ಣದಲ್ಲ. ಇಗೊರ್ ಕಲ್ಯಾಪಿನ್ ಕಟ್ಟಿದ ಚಿತ್ರಹಿಂಸೆ ವಿರೋಧಿ ಸಮಿತಿಯಲ್ಲಿ ಕೆಲಸ ಮಾಡಿದ್ದ. ಅಂದರೆ, ಠಾಣೆಯೊಳಗೆ ಯಾರಿಗಾದರೂ ಕರೆಂಟು ಕೊಟ್ಟರೆ, ಕೊಟ್ಟವರು ಯಾರು, ಯಾರ ಅಪ್ಪಣೆ ಮೇರೆಗೆ ಎಂದು ಅರ್ಜಿ ಬರೆದು ಕೇಳುವ ಕೆಟ್ಟ ಚಾಳಿ. ಸಹೋದರರೂ ಬಾಯಿ ಮುಚ್ಚಿಕೊಂಡಿರುವ ಪೈಕಿಯಲ್ಲ. ಗಂಡುಮಕ್ಕಳೆಲ್ಲ ಕೈಗೆ ಸಿಗದಷ್ಟು ದೂರ ಹೋಗಿಯಾಗಿತ್ತು. ಇನ್ನು ಉಳಿದದ್ದು ರಷ್ಯಾದ ನಿಜ್ನಿ ನೊವ್‌ಗೊರೊದ್ ಊರಿನ ಫ್ಲ್ಯಾಟೊಂದರಲ್ಲಿದ್ದ ತಂದೆತಾಯಿ.

2022ರ ಜನವರಿ 20ರಂದು ಚೆಚೆನ್ ಭದ್ರತಾ ಪಡೆಯವರು ಆ ಮನೆಗೆ ನುಗ್ಗಿದರು. ತಂದೆ ಸೈದಿ ಯಂಗುಲ್ಬಾಯೆವ್ ನಿವೃತ್ತ ನ್ಯಾಯಾಧೀಶರು. ನ್ಯಾಯಾಧೀಶರಿಗೆ ಕಾನೂನಿನ ರಕ್ಷಣೆಯಿದೆ, ಹಾಗೆಲ್ಲ ಎಳೆದೊಯ್ಯುವಂತಿಲ್ಲ. ಬಂದವರ ಕಾನೂನುಪ್ರಜ್ಞೆಯನ್ನು ಮೆಚ್ಚಬೇಕು: ಅವರನ್ನು ಮುಟ್ಟಲಿಲ್ಲ. ಪಕ್ಕದಲ್ಲಿದ್ದ ಹೆಂಡತಿಯನ್ನು ಎಳೆದೊಯ್ದರು. ಜರೆಮಾ ಮುಸಾಯೆವಾ, ಐವತ್ತು ದಾಟಿದ ಗೃಹಿಣಿ, ಸಕ್ಕರೆ ಕಾಯಿಲೆ, ಇನ್ಸುಲಿನ್ ಇಲ್ಲದೆ ದಿನ ಹೋಗದು. ಜನವರಿಯ ರಷ್ಯನ್ ಚಳಿಯಲ್ಲಿ ಮನೆಯೊಳಗಿನ ಚಪ್ಪಲಿಯಲ್ಲೇ, ಮೇಲಂಗಿಯೂ ಇಲ್ಲದೆ ಹೊರಡಿಸಿ, 1800 ಕಿಲೋಮೀಟರ್ ದೂರದ ಚೆಚೆನ್ಯಾದ ರಾಜಧಾನಿ ಗ್ರೋಜ್ನಿಗೆ ಕರೆದೊಯ್ದರು. ಬೆಂಗಳೂರಿನಿಂದ ಹೊರಟರೆ ಹೆಚ್ಚುಕಮ್ಮಿ ಗ್ವಾಲಿಯರ್ ಮುಟ್ಟುವ ದೂರ. ಇಷ್ಟೆಲ್ಲ ಯಾಕಪ್ಪಾ ಎಂದರೆ, ಆಕೆ ಯಾವುದೋ ವಂಚನೆ ಪ್ರಕರಣದಲ್ಲಿ ಸಾಕ್ಷಿಯಂತೆ! ಸಾಕ್ಷಿಗೆ ನೋಟಿಸು ಕಳಿಸಿ, ಬರಲಿಲ್ಲವೆಂದು ವಾಯಿದೆ ಹಾಕಿ, ಮತ್ತೆ ಕಳಿಸಿ, ಹತ್ತು ವರ್ಷ ಕಾಯುವ ನಮ್ಮ ಕೋರ್ಟುಗಳು ಈ ಚುರುಕುತನವನ್ನು ಗಮನಿಸಬೇಕು.

ಆಮೇಲಿನದು ಬರೀ ಬಡ್ತಿ. ಗ್ರೋಜ್ನಿ ಮುಟ್ಟಿದ ಮೇಲೆ ಸಾಕ್ಷಿ ಹೋಗಿ ಪುಂಡಾಟಿಕೆ ಮಾಡಿದವಳಾದಳು; ಪೊಲೀಸರನ್ನು ಬೈದಳೆಂದು 15 ದಿನ. ಆ 15 ದಿನ ಮುಗಿಯುವುದರೊಳಗೆ ಇನ್ನೊಂದು ಮೆಟ್ಟಿಲು: ಸರ್ಕಾರಿ ನೌಕರನ ಮೇಲೆ ಹಲ್ಲೆ, ರಷ್ಯಾದ ದಂಡಸಂಹಿತೆಯ ಕಲಂ 318. ನಮ್ಮೂರಿನ ಠಾಣೆಗಳಲ್ಲಿ ‘ಕರ್ತವ್ಯಕ್ಕೆ ಅಡ್ಡಿ’ ಎಂದು ಬರೆದು ಎಲ್ಲರನ್ನೂ ಒಳಗೆ ಹಾಕುತ್ತಾರಲ್ಲ, ಅದೇ ಮನೆತನದ ಕಲಂ. ಹಲ್ಲೆ ಏನೆಂದರೆ, ಪೊಲೀಸ್ ಅಧಿಕಾರಿಯೊಬ್ಬನ ಮುಖವನ್ನು ಆಕೆ ಪರಚಿದಳು. ಕಣ್ಣೇ ಹೋಗಿಬಿಡುತ್ತಿತ್ತು ಎಂಬ ಧಾಟಿಯಲ್ಲಿ ಸ್ವತಃ ಕದಿರೋವ್ ಸಾಹೇಬರು ಮಾತಾಡಿದರು. ಹೆಲ್ಮೆಟ್ಟು, ಬಂದೂಕು, ಗುಂಡು ತೂರದ ಜಾಕೀಟು ಎಲ್ಲ ಇರುವ ಪಡೆಯ ಎದುರು ಒಬ್ಬ ಅಮ್ಮನ ಉಗುರು. ಸಾಕ್ಷಿಯಾಗಿದ್ದ ಅದೇ ವಂಚನೆಯ ವಿಷಯದಲ್ಲಿ ಮುಂದೆ ಆರೋಪಿಯೂ ಆದಳು. ಸರ್ಕಾರಿ ನೌಕರಿಯಲ್ಲಿ ಇಷ್ಟು ಬೇಗ ಮೇಲೇರಿದವರನ್ನು ನಾನಂತೂ ಕಂಡಿಲ್ಲ.

ನನಗೆ ಇದರಲ್ಲಿ ತಲೆ ಕೆಡಿಸುವ ವಿಷಯ ಆ ಪರಚುಗಾಯದ ಕಾಗದಪತ್ರ. ಯಾಕೆ ಬೇಕಿತ್ತು? ಈ ಕುಟುಂಬದ ಜಾಗ ಒಂದೋ ಜೈಲು, ಇಲ್ಲವೇ ಮಣ್ಣಿನಡಿ ಎಂದು ಗಣರಾಜ್ಯದ ಮುಖ್ಯಸ್ಥರೇ ಬಹಿರಂಗವಾಗಿ ಸಾರಿಯಾಗಿತ್ತು. ರಷ್ಯಾದ ಸಂಸತ್ತಿನ ಸದಸ್ಯ ಆದಂ ದೆಲಿಮ್ಖಾನೊವ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚೆಚೆನ್ ಭಾಷೆಯ ವಿಡಿಯೋದಲ್ಲಿ ಈ ಮನೆಯವರ ತಲೆ ಕಡಿಯುವವರೆಗೂ ಬಿಡುವುದಿಲ್ಲ ಎಂದು ಶಪಥ ಮಾಡಿದ್ದ. ಈ ಮಾತನ್ನು ರಷ್ಯನ್ ಭಾಷೆಗೆ ತಂದವರಿಗೂ ಅದೇ ಗತಿ ಎಂದು ಸೇರಿಸಿದ್ದನಂತೆ. (ಕನ್ನಡದ ಬಗ್ಗೆ ಏನೂ ಹೇಳಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.) ಫೆಬ್ರುವರಿ 2ರಂದು ಗ್ರೋಜ್ನಿಯಲ್ಲಿ ಬೃಹತ್ ರ‍್ಯಾಲಿ, ಯಂಗುಲ್ಬಾಯೆವ್ ಕುಟುಂಬದವರ ಫೋಟೊಗಳನ್ನು ತುಳಿದು, ಸುಟ್ಟು, ಜನರ ಸ್ವಯಂಪ್ರೇರಿತ ಆಕ್ರೋಶವನ್ನು ವ್ಯವಸ್ಥಿತವಾಗಿ ಪ್ರದರ್ಶಿಸಲಾಯಿತು. ಸೇರಿದವರು 4 ಲಕ್ಷ ಎಂದು ಅಧಿಕಾರಿಗಳ ಲೆಕ್ಕ. ಇಡೀ ಊರಿನ ಜನಸಂಖ್ಯೆಯೇ ಅಷ್ಟಿಲ್ಲ. ತೊಟ್ಟಿಲ ಕೂಸುಗಳೂ ಎರಡೆರಡು ಸಲ ಬಂದು ಘೋಷಣೆ ಕೂಗಿರಬೇಕು.

ಇಷ್ಟು ನೇರವಾಗಿ ಮಾತಾಡುವ ಜನ, ‘ಮಗ ಬಾಯಿ ಮುಚ್ಚಲಿಲ್ಲ, ಅದಕ್ಕೆ ಅಮ್ಮ ಒಳಗೆ’ ಎಂದು ಒಂದೇ ಸಾಲಿನ ಆದೇಶ ಹೊರಡಿಸಬಹುದಿತ್ತು. ಯಾರು ಕೇಳುವವರಿದ್ದರು? ಆದರೂ ಕೂತು ಪಂಚನಾಮೆ ಬರೆದರು, ಗಾಯದ ಸರ್ಟಿಫಿಕೇಟು ಸಂಪಾದಿಸಿದರು, ಪರಚಿಸಿಕೊಂಡವನ ಹೇಳಿಕೆ ಪಡೆದರು, ವರ್ಷಗಟ್ಟಲೆ ವಿಚಾರಣೆ ನಡೆಸಿದರು. ಹೆದರಿಸಲು ನಾಚದ ಅಧಿಕಾರ, ಫೈಲು ಖಾಲಿ ಬಿಡಲು ನಾಚುತ್ತದೆ. ಲೋಕದ ಯಾವ ದಂಡಸಂಹಿತೆಯಲ್ಲೂ ‘ಹೆತ್ತದ್ದು’ ಎಂಬ ಅಪರಾಧ ಇಲ್ಲವಲ್ಲ. ಹಾಗಾಗಿ ಹೆತ್ತವಳಿಗೆ ಅವಳದೇ ಆದ ಸ್ವಂತದ್ದೊಂದು ಅಪರಾಧ ಹೊಲಿಸಿ ಕೊಡಬೇಕು.

2023ರ ಜುಲೈ 4 ತೀರ್ಪಿನ ದಿನ. ಕೇಳಲೆಂದು ‘ನೋವಯಾ ಗಜೆಟಾ’ದ ವರದಿಗಾರ್ತಿ ಎಲೆನಾ ಮಿಲಾಶಿನಾ ಮತ್ತು ಮುಸಾಯೆವಾ ಪರ ವಕೀಲ ಅಲೆಕ್ಸಾಂದರ್ ನೇಮೊವ್ ವಿಮಾನದಲ್ಲಿ ಬಂದಿಳಿದರು. ನಿಲ್ದಾಣದಿಂದ ಊರಿನ ಕಡೆ ಹೊರಟ ಕಾರನ್ನು ಮುಸುಕುಧಾರಿಗಳು ಅಡ್ಡಹಾಕಿದರು. ಮಿಲಾಶಿನಾರ ಬೆರಳು ಮುರಿದರು, ತಲೆ ಬೋಳಿಸಿದರು, ಮೇಲೆ ಹಸಿರು ಔಷಧಿ ಬಣ್ಣ ಸುರಿದರು. ನೇಮೊವ್ ಕಾಲಿಗೆ ಚೂರಿ ಹಾಕಿದರು. ಅಷ್ಟು ಹೊತ್ತಿಗೆ ಗ್ರೋಜ್ನಿಯ ಕೋರ್ಟು, ಸಮಾಜಕ್ಕೆ ಅಪಾಯವಾಗಿದ್ದ ಆ ಅಮ್ಮನಿಗೆ ಐದೂವರೆ ವರ್ಷ ಶಿಕ್ಷೆ ಓದಿ ಹೇಳಿತು. ಒಂದು ಉಗುರಿನ ಗೀರಿನ ಜಾಡು ಹಿಡಿದ ಪೊಲೀಸರಿಗೆ ಈ ಮುಸುಕುಗಳ ಹಿಂದಿನ ಮುಖ ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಮೇಲ್ಮನವಿಯಲ್ಲಿ ಅರ್ಧ ವರ್ಷ ಕಡಿತವಾಯಿತು, ಸ್ವಲ್ಪ ಸಡಿಲ ಕಟ್ಟುಪಾಡಿನ ಜೈಲು ವಸಾಹತಿಗೆ ಕಳಿಸಿ ಎಂದರು. ಆಕೆಗೆ ನಡೆಯುವುದೇ ಕಷ್ಟವಾಗಿತ್ತು. ಚಿಕಿತ್ಸೆ ಸರಿಯಾಗಿ ಸಿಗುತ್ತಿಲ್ಲ ಎಂದು ವಕೀಲರು ದೂರುತ್ತಲೇ ಇದ್ದರು. ಜೈಲಿನಲ್ಲಿ ಸಕ್ಕರೆ ಕಾಯಿಲೆಯವರನ್ನು ಹಿಂಸಿಸಲು ಕರೆಂಟು, ಲಾಠಿ ಏನೂ ಬೇಡ ಸ್ವಾಮಿ. ಗಡಿಯಾರ ಸಾಕು. ಊಟ ಸ್ವಲ್ಪ ತಡವಾಗಿ ಬಂದರೆ ಆಯಿತು, ಸೂಜಿ ಸ್ವಲ್ಪ ತಡವಾಗಿ ಬಂದರೆ ಆಯಿತು. ಕೇಳಿದರೆ, ನಾವೇನೂ ಮಾಡಲಿಲ್ಲವಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಬಹುದು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಕಟ್ಟಿದ ನಮ್ಮ ಹಿರಿಯರು ಅದನ್ನು ದಡ್ಡತನದ ಗುರುತು ಎಂದುಕೊಂಡಿದ್ದರು. ಕದಿರೋವ್ ಸಾಹೇಬರು ಅದನ್ನೇ ಆಡಳಿತ ನೀತಿ ಮಾಡಿಕೊಂಡರು. 2014ರ ಡಿಸೆಂಬರ್‌ನಲ್ಲಿ ಗ್ರೋಜ್ನಿಯ ಮೇಲೆ ಬಂಡುಕೋರರ ದಾಳಿಯಾದಾಗ, ದಾಳಿಕೋರರ ಬಂಧುಗಳನ್ನು ಗಡಿಪಾರು ಮಾಡಿ ಮನೆಗಳನ್ನು ಬುಡಸಮೇತ ಕೆಡವುತ್ತೇವೆ ಎಂದು ಘೋಷಿಸಿದರು, ಕೆಡವಿದರು ಕೂಡ. ಇದು ಯಾವ ಕಾನೂನು ಎಂದು ಪ್ರಶ್ನಿಸಿದವರು ಅದೇ ಕಲ್ಯಾಪಿನ್. ಉತ್ತರವಾಗಿ ಮಾಸ್ಕೋದ ಪತ್ರಿಕಾಗೋಷ್ಠಿಯಲ್ಲಿ ಅವರ ಮೇಲೆ ಮೊಟ್ಟೆ ಬಿತ್ತು, ಗ್ರೋಜ್ನಿಯ ಕಚೇರಿಗೆ ಬೆಂಕಿ ಬಿತ್ತು. ಬಂಡುಕೋರನ ತಂದೆಯ ಮನೆಯಿಂದ ಶುರುವಾದ ಪದ್ಧತಿ ವಕೀಲನ ತಾಯಿಯ ಮನೆಗೆ ಬರಲು ಏಳು ವರ್ಷ ಸಾಕಾಯಿತು. ಬುಲ್ಡೋಜರಿನ ಭಾಷೆ ಈಗ ನಮಗೂ ಅಷ್ಟೇನು ಅಪರಿಚಿತವಲ್ಲ, ಆದರೆ ಆ ಕತೆ ಇನ್ನೊಂದು ವಾರಕ್ಕಿರಲಿ.

ಈ ವಿದ್ಯೆಯಲ್ಲಿ ಸಾಹೇಬರೊಬ್ಬರೇ ಪಂಡಿತರು ಎಂದರೆ ಉಳಿದವರಿಗೆ ಅನ್ಯಾಯ. ಚೀನಾದ ಲಿಯು ಶಿಯಾಬೊಗೆ 2010ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಅವರಾಗಲೇ ಜೈಲಿನಲ್ಲಿದ್ದರು. ಮತ್ತೊಮ್ಮೆ ಬಂಧಿಸಲು ಬರುವುದಿಲ್ಲವಲ್ಲ, ಹೆಂಡತಿ ಲಿಯು ಶಿಯಾ ಅವರನ್ನು ಎಂಟು ವರ್ಷ ಹತ್ತಿರ ಯಾವ ಆರೋಪವೂ ಇಲ್ಲದೆ ಮನೆಯಲ್ಲೇ ಕೂಡಿಹಾಕಿದರು. ಆಕೆಯ ಸಹೋದರನಿಗೆ 2013ರಲ್ಲಿ ವಂಚನೆ ಕೇಸಿನಲ್ಲಿ 11 ವರ್ಷ. ವಂಚನೆ ನೋಡಿ, ಎಲ್ಲ ದೇಶಗಳಲ್ಲೂ ಎಷ್ಟು ಅನುಕೂಲದ ಆರೋಪ! ಇರಾನಿನಲ್ಲಿ ಹಿಜಾಬ್ ಕಡ್ಡಾಯದ ವಿರುದ್ಧ ಅಮೆರಿಕದಿಂದ ಮಾತಾಡಿದ್ದು ಮಸೀಹ್ ಅಲಿನೆಜಾದ್. 2020ರಲ್ಲಿ 8 ವರ್ಷ ಶಿಕ್ಷೆ ಕೇಳಿಸಿಕೊಂಡದ್ದು ಊರಲ್ಲಿದ್ದ ಸಹೋದರ. ವಕೀಲೆ ನಸ್ರೀನ್ ಸೊತೂದೆಯ ಗಂಡ ರೆಜಾ ಖಂದಾನ್ ಹೆಂಡತಿಯ ಪರವಾಗಿ ನಿಂತ ತಪ್ಪಿಗೆ ತಾನೂ ಜೈಲು ಕಂಡ. ಗಂಡ ಹೆಂಡತಿಯ ಮಾತು ಕೇಳಬೇಕು ಎನ್ನುವವರು ಇದನ್ನೂ ಲೆಕ್ಕಕ್ಕೆ ಇಟ್ಟುಕೊಂಡಿರಲಿ.

ಇಷ್ಟು ಓದಿ, ಆ ದೇಶಗಳೇ ಹಾಗೆ ಬಿಡಿ ಎಂದು ಕಾಫಿ ಲೋಟ ಎತ್ತಿಕೊಳ್ಳುವ ಮೊದಲು ಬೆಂಗಳೂರಿನ ಒಂದು ಸಂಗತಿ. 1976ರ ಮೇ 1, ಕಾರ್ಮಿಕರ ದಿನ, ತುರ್ತುಪರಿಸ್ಥಿತಿಯ ಕಾಲ. ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್ ತಲೆಮರೆಸಿಕೊಂಡಿದ್ದರು, ದೇಶದ ಪೊಲೀಸರೆಲ್ಲ ಹುಡುಕಿದರೂ ಇನ್ನೂ ಸಿಕ್ಕಿರಲಿಲ್ಲ. ತಮ್ಮ ಮೈಕೆಲ್ ಅಷ್ಟು ಹೊತ್ತಿಗೇ ಜೈಲಿನಲ್ಲಿದ್ದರು. ಇನ್ನೊಬ್ಬ ತಮ್ಮ ಲಾರೆನ್ಸ್ ಮನೆಯಲ್ಲಿದ್ದರು, ಸಿಕ್ಕರು. ನಮ್ಮ ಕರ್ನಾಟಕದ ಪೊಲೀಸರು, ಕನ್ನಡ ಬಲ್ಲವರು, ಅವರನ್ನು ಕರೆದೊಯ್ದು ‘ನಿನ್ನಣ್ಣ ಎಲ್ಲಿ?’ ಎಂಬ ಒಂದೇ ಪ್ರಶ್ನೆಯನ್ನು ಲಾಠಿಯಿಂದ ಮತ್ತೆ ಮತ್ತೆ ಕೇಳಿದರು. ಹೊರಬಂದಾಗ ಲಾರೆನ್ಸ್‌ಗೆ ನೆಟ್ಟಗೆ ನಿಲ್ಲಲಾಗುತ್ತಿರಲಿಲ್ಲ. ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಅಂದಿನ ರಾಷ್ಟ್ರಪತಿಗಳಿಗೆ ಸಹಿ ಹಾಕುವುದು ಚೆನ್ನಾಗಿ ಬರುತ್ತಿತ್ತು, ಉತ್ತರ ಬರೆಯುವುದು ಬೇರೆ ಮಾತು. ಆ ಪೊಲೀಸರು ಪರಚಿದ ಗಾಯದ ಪಂಚನಾಮೆಯ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಆ ಮಟ್ಟಿಗೆ ಕದಿರೋವ್ ಸಾಹೇಬರೇ ಶಿಸ್ತಿನ ಮನುಷ್ಯ ಎನ್ನಬೇಕು.

ಸ್ನೇಹಲತಾ ರೆಡ್ಡಿ ಜಾರ್ಜ್‌ಗೆ ನೆಂಟರೂ ಅಲ್ಲ, ಸ್ನೇಹವಷ್ಟೇ. ‘ಸಂಸ್ಕಾರ’ ಚಿತ್ರದ ಚಂದ್ರಿ. ಜಾರ್ಜ್ ಮೇಲಿನ ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಹಿಡಿದು ಬೆಂಗಳೂರು ಸೆಂಟ್ರಲ್ ಜೈಲಿಗೆ ಹಾಕಿದರು. ಕೊನೆಗೆ ಆ ಪ್ರಕರಣದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಉಬ್ಬಸದ ರೋಗಿ, ಜೈಲಿನ ಕೋಣೆಯಲ್ಲಿ ಅದು ಉಲ್ಬಣಿಸಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಜೈಲು ಈಗಿಲ್ಲ. ಅದರ ಜಾಗದಲ್ಲಿ ಫ್ರೀಡಂ ಪಾರ್ಕ್ ಇದೆ. ಬೆಂಗಳೂರಿನಲ್ಲಿ ಯಾರಾದರೂ ಪ್ರತಿಭಟಿಸಬೇಕೆಂದರೆ ಅಲ್ಲೇ ಹೋಗಿ ಪ್ರತಿಭಟಿಸಿ ಎಂದು ಪೊಲೀಸರು ದಾರಿ ತೋರಿಸುತ್ತಾರೆ.

ಗ್ರೋಜ್ನಿಯ ಕಡೆಯ ಸುದ್ದಿ ಹೇಳಿ ಮುಗಿಸುತ್ತೇನೆ. ವಿಚಾರಣೆಯ ಕಾಲದಲ್ಲಿ ಕಳೆದ ಜೈಲುದಿನಗಳನ್ನೂ ಕೂಡಿಸಿ ಲೆಕ್ಕ ಹಾಕಿದಾಗ ಮುಸಾಯೆವಾ ಅವರ ಬಿಡುಗಡೆ ಹತ್ತಿರ ಬಂದಿತ್ತು. ಅಷ್ಟರಲ್ಲಿ ಹೊಸ ಕೇಸು ಬಿತ್ತು. ಈ ಸಲ ಪೊಲೀಸನ ಬದಲು ಜೈಲು ಸಿಬ್ಬಂದಿಯ ಮೇಲೆ ಹಲ್ಲೆ. ನಾಲ್ಕು ಹೆಜ್ಜೆ ಇಡಲು ಒದ್ದಾಡುವ ಹೆಂಗಸಿನಿಂದ ಜೈಲಿನ ಕೆಲಸಕಾರ್ಯವೆಲ್ಲ ಅಸ್ತವ್ಯಸ್ತವಾಯಿತು ಎಂಬುದು ಆರೋಪದ ಸಾರ, ಕಲಂ 321. 2025ರ ಆಗಸ್ಟ್‌ನಲ್ಲಿ ಕೋರ್ಟು ಮತ್ತೆ 3 ವರ್ಷ 10 ತಿಂಗಳು ಕೊಟ್ಟಿತು. ಮಕ್ಕಳು ಹೊರದೇಶದಲ್ಲಿ ಮಾತು ನಿಲ್ಲಿಸಿಲ್ಲ. ರಷ್ಯಾದ ದಂಡಸಂಹಿತೆಯಲ್ಲಿ ಕಲಂಗಳು 361ರವರೆಗೂ ಇವೆ.